ಏಕಲವ್ಯ ಏಕೆ ಅಳಲಿಲ್ಲ?



ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ನಮ್ಮ ಕನ್ನಡ ತರಗತಿಯಲ್ಲಿ ನಾಟಕದ ತಾಲೀಮು ಶುರುವಾಗುತ್ತದೆ. ಮಾತುಗಳನ್ನು ನೀವು ಬೇಗ ಬಾಯಿಪಾಠ ಮಾಡುತ್ತೀರಿ. ಆದರೆ ಬಾಯಿಪಾಠವಾದ ಮಾತ್ರಕ್ಕೆ ಅಭಿನಯವಾಗುವುದಿಲ್ಲ. ಇದನ್ನು ನನಗೆ ತಿಳಿಸಿಕೊಟ್ಟವನು ಏಕಲವ್ಯನ ಪಾತ್ರ ಮಾಡಿದ ಏಳನೇ ತರಗತಿಯ ಒಬ್ಬ ಹುಡುಗ.

ಹೆಬ್ಬೆರಳು ಕೊಡುವ ದೃಶ್ಯದಲ್ಲಿ "ಚೆನ್ನಾಗಿ ಅಳು" ಎಂದು ನಾನೇ ಹೇಳಿದ್ದೆ. ಅವನು ಮುಖ ಕಿವುಚಿ, ಕಣ್ಣುಜ್ಜಿಕೊಂಡು ಅತ್ತ. ಉಳಿದವರು ಗೊಳ್ಳೆಂದು ನಕ್ಕರು. "ನನಗೆ ಈ ಪಾರ್ಟ್ ಬೇಡ ಮಿಸ್" ಎಂದು ಅವನು ಮೂಲೆಯಲ್ಲಿ ಕುಳಿತುಬಿಟ್ಟ. ತಪ್ಪು ಅವನದಲ್ಲ, ನನ್ನದು. ಅಪ್ಪಣೆ ಕೊಟ್ಟು ಭಾವ ತರಿಸಲಾಗದು.

1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಸ್ಥಾಪಿಸಿದವರಲ್ಲಿ ಒಬ್ಬರಾದ ರಷ್ಯಾದ ಸ್ತಾನಿಸ್ಲಾವ್‌ಸ್ಕಿ (1863–1938) ನಟರಿಗೆ ಬೇರೆ ದಾರಿ ತೋರಿಸಿದರು. ಭಾವದ ಬೆನ್ನು ಹತ್ತಬೇಡಿ, ಮೊದಲು ಪಾತ್ರದ ಸನ್ನಿವೇಶ, ಬಯಕೆ ಮತ್ತು ಕ್ರಿಯೆಯನ್ನು ಹುಡುಕಿ ಎಂಬುದು ಅದರ ಸಾರ. ಆ ದಾರಿಯಲ್ಲಿ ನಾವು ನಾಲ್ಕು ಪ್ರಶ್ನೆ ಕೇಳಿಕೊಂಡೆವು.

1. ನಾನು ಯಾರು, ಎಲ್ಲಿದ್ದೇನೆ? ನಿಷಾದರ ಹುಡುಗ. ದ್ರೋಣರು ಶಿಷ್ಯನಾಗಿ ಸ್ವೀಕರಿಸಲಿಲ್ಲ. ಕಾಡಿನಲ್ಲಿ ಅವರ ಮಣ್ಣಿನ ಮೂರ್ತಿಯ ಮುಂದೆ ಒಬ್ಬನೇ ಕಲಿತಿದ್ದೇನೆ.

2. ನನಗೆ ಏನು ಬೇಕು? "ಬಿಲ್ವಿದ್ಯೆ" ಎಂದ ಹುಡುಗ. "ಅದು ಆಗಲೇ ಬಂದಿದೆಯಲ್ಲ?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ದ್ರೋಣರು ನನ್ನನ್ನು ಶಿಷ್ಯ ಅನ್ನಬೇಕು" ಎಂದ.

3. ಈ ಕ್ಷಣದಲ್ಲಿ ಏನು ಮಾಡುತ್ತಿದ್ದೇನೆ? ಗುರುದಕ್ಷಿಣೆ ಕೊಡುತ್ತಿದ್ದೇನೆ. ದಕ್ಷಿಣೆ ಕೇಳಿದರೆಂದರೆ ನಾನು ಶಿಷ್ಯನೆಂದು ಅವರು ಒಪ್ಪಿದ ಹಾಗೆಯೇ!

4. ಆ ಜಾಗದಲ್ಲಿ ನಾನಿದ್ದಿದ್ದರೆ? ಅವನಿಗೆ ಫುಟ್‌ಬಾಲ್ ತಂಡದಲ್ಲಿ ಜಾಗ ಸಿಗದ ದಿನ ನೆನಪಾಯಿತು. "ಸರ್ ಆಮೇಲೆ ಕರೆದಿದ್ದರೆ ಓಡಿ ಹೋಗುತ್ತಿದ್ದೆ" ಎಂದ.

ಮನೆಗೆ ಹೋಗಿ ಮಹಾಭಾರತ ತೆಗೆದು ನೋಡಿದೆ. ವ್ಯಾಸರ ಏಕಲವ್ಯ ಅಳುವುದೇ ಇಲ್ಲ; ಹರ್ಷದ ಮುಖದಿಂದಲೇ ಬೆರಳನ್ನು ಕತ್ತರಿಸಿಕೊಡುತ್ತಾನೆ. ಪುಸ್ತಕ ನೋಡದೆಯೇ ಹುಡುಗ ಅಲ್ಲಿಗೆ ತಲುಪಿದ್ದ.

ದ್ರೋಣನ ಪಾತ್ರಧಾರಿಗೂ ಇವೇ ಪ್ರಶ್ನೆಗಳು. ಅವನು ಹುಬ್ಬು ಗಂಟಿಕ್ಕಿದ ಖಳನಾಯಕನಾಗಿದ್ದ. ಆದರೆ ದ್ರೋಣನಿಗೆ ಬೇಕಾಗಿದ್ದುದು ಅರ್ಜುನನಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು. ಅದು ತಿಳಿದ ಮೇಲೆ ಅವನು ಏಕಲವ್ಯನ ಮುಖ ನೋಡಲಾರದೆ ತಲೆ ತಗ್ಗಿಸಿದ. ಹೀಗೆ ಮಾಡೆಂದು ನಾನು ಹೇಳಿರಲಿಲ್ಲ. ಮಾಡಿದ್ದು ತಪ್ಪೋ ಸರಿಯೋ ಎಂದು ನಿರ್ಣಯಿಸುವುದು ನೋಡುವವರ ಕೆಲಸ. ನಟನ ಕೆಲಸ ಅರ್ಥಮಾಡಿಕೊಳ್ಳುವುದು.

ನಮ್ಮ ಭರತಮುನಿಯ ನಾಟ್ಯಶಾಸ್ತ್ರ ಅಭಿನಯದಲ್ಲಿ ನಾಲ್ಕು ಬಗೆ ಹೇಳುತ್ತದೆ: ದೇಹದಿಂದ ಆಂಗಿಕ, ಮಾತಿನಿಂದ ವಾಚಿಕ, ವೇಷಭೂಷಣದಿಂದ ಆಹಾರ್ಯ, ಮನಸ್ಸಿನ ಏಕಾಗ್ರತೆಯಿಂದ ಹುಟ್ಟುವ ಸಾತ್ತ್ವಿಕ. ಮೊದಲ ಮೂರನ್ನು ನಾವು ಶಿಕ್ಷಕರು, ಪೋಷಕರು ಸೇರಿ ಹೊಂದಿಸಿಕೊಡಬಹುದು. ನಾಲ್ಕನೆಯದು ನಿಮ್ಮೊಳಗಿನಿಂದಲೇ ಬರಬೇಕು.

ಪ್ರದರ್ಶನದ ದಿನ ನಮ್ಮ ಏಕಲವ್ಯ ಮುಗುಳ್ನಗುತ್ತಾ ಬೆರಳು ಕೊಟ್ಟ. ಸಭಾಂಗಣದಲ್ಲಿ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ತಾಯಂದಿರು ಕಣ್ಣೊರೆಸಿಕೊಂಡರು.

ಮಕ್ಕಳೇ, ಮುಂದಿನ ಸಲ ಪಾತ್ರ ಸಿಕ್ಕಾಗ "ನನಗೆ ಎಷ್ಟು ಡೈಲಾಗ್ ಇದೆ?" ಎಂದು ಕೇಳುವ ಮೊದಲು "ಇವನಿಗೆ ಏನು ಬೇಕು?" ಎಂದು ಕೇಳಿ. ಪಕ್ಕದ ಬೆಂಚಿನ ಗೆಳೆಯನ ಮೇಲೆ ಸಿಟ್ಟು ಬಂದಾಗಲೂ ಇದೇ ಪ್ರಶ್ನೆ ಕೇಳಿ ನೋಡಿ.