ಅಂತರಜಾಲ ರೇಡಿಯೋ: ಗಮನಾರ್ಹ ಕೇಂದ್ರ ಯಾವುದು?

ಬೆಳಗಾವಿ ಜಿಲ್ಲೆ ಅಥಣಿ ತಾಲೂಕಿನ ಸತ್ತಿ ಗ್ರಾಮದಲ್ಲಿ ಶಾಲಾ ವಿದ್ಯಾರ್ಥಿಗಳು ಒಂದು ಅಂತರಜಾಲ ರೇಡಿಯೋ ಆರಂಭಿಸಿದರೆಂದು ಭಾವಿಸೋಣ. ಇದಕ್ಕೆ ಬೇಕಾದುದು ಒಂದು ಕಂಪ್ಯೂಟರ್, ಒಂದು ಮೈಕು, ಅಂತರಜಾಲ ಸಂಪರ್ಕ ಮತ್ತು ಉಚಿತವಾಗಿ ದೊರೆಯುವ ತಂತ್ರಾಂಶ. ಒಂದೇ ದಿನದಲ್ಲಿ ಅವರ ಧ್ವನಿ ದುಬೈಯಲ್ಲೂ ಕೇಳಿಸಬಲ್ಲುದು. ಇಂತಹ ಕೇಂದ್ರಗಳು ಜಗತ್ತಿನಲ್ಲಿ ಸಾವಿರಾರು ಇವೆ. ವಿಶ್ವಕೋಶದಲ್ಲೋ ಜಿಲ್ಲಾ ಗ್ಯಾಸೆಟಿಯರಿನಲ್ಲೋ ದಾಖಲಿಸುವಾಗ ಇವುಗಳಲ್ಲಿ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು? ಅಳತೆಗೋಲು ಇಲ್ಲದೆ ಆಯ್ದರೆ, ಜೋರಾಗಿ ಪ್ರಚಾರ ಮಾಡಿಕೊಂಡವರು ಉಳಿಯುತ್ತಾರೆ. ಸದ್ದಿಲ್ಲದೆ ದುಡಿದವರು ಮರೆತುಹೋಗುತ್ತಾರೆ.

ಎಫ್.ಎಂ. ಕೇಂದ್ರಗಳ ವಿಷಯದಲ್ಲಿ ಈ ತೊಡಕು ಕಡಿಮೆ. ರೇಡಿಯೋ ತರಂಗಗಳ ಆವೃತ್ತಿಗಳು ಮಿತವಾದವು. ಒಂದೇ ಪ್ರದೇಶದಲ್ಲಿ ಇಬ್ಬರು ಒಂದೇ ಆವೃತ್ತಿ ಬಳಸಿದರೆ ಇಬ್ಬರ ಪ್ರಸಾರವೂ ಕೆಡುತ್ತದೆ. ಆದ್ದರಿಂದಲೇ ಸರ್ಕಾರದ ಪರವಾನಗಿ ಅಗತ್ಯ. ಪರವಾನಗಿ ಪತ್ರವೇ ಕೇಂದ್ರದ ಅಸ್ತಿತ್ವಕ್ಕೆ ಒಂದು ಸಾರ್ವಜನಿಕ ದಾಖಲೆ. ಅಂತರಜಾಲ ರೇಡಿಯೋಗೆ ಆವೃತ್ತಿಯ ಹಂಗಿಲ್ಲ. ಯಾರು ಬೇಕಾದರೂ ಆರಂಭಿಸಬಹುದು, ಮರುದಿನವೇ ನಿಲ್ಲಿಸಲೂಬಹುದು. ಹಾಗಾಗಿ ಕೇಂದ್ರ ‘ಇದೆ’ ಎಂಬುದಷ್ಟರಿಂದ ಏನೂ ತೀರ್ಮಾನವಾಗದು.

ಹಾಗಾದರೆ ಕೇಳುಗರ ಸಂಖ್ಯೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದೇ? ಇದು ತೋರುವಷ್ಟು ಸರಳವಲ್ಲ. ಎಫ್.ಎಂ. ಪ್ರೇಷಕಕ್ಕೆ ಒಬ್ಬ ಕೇಳಿದರೂ ಲಕ್ಷ ಜನ ಕೇಳಿದರೂ ವ್ಯತ್ಯಾಸವಿಲ್ಲ. ಅಂತರಜಾಲದಲ್ಲಿ ಸಾಮಾನ್ಯವಾಗಿ ಸರ್ವರ್ ಪ್ರತಿಯೊಬ್ಬ ಕೇಳುಗನಿಗೂ ಪ್ರತ್ಯೇಕ ದತ್ತಾಂಶ ಪ್ರವಾಹ ಕಳಿಸುತ್ತದೆ. ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ ಒಬ್ಬ ಕೇಳುಗನಿಗೆ ಗಂಟೆಗೆ 28.8 ಮೆಗಾಬೈಟ್ ಬೇಕು. ಒಂದೇ ವೇಳೆಗೆ 100 ಜನ ಕೇಳಿದರೆ ಸರ್ವರ್ ಸೆಕೆಂಡಿಗೆ 6.4 ಮೆಗಾಬಿಟ್ ಕಳಿಸಬೇಕಾಗುತ್ತದೆ. ಪ್ರತಿ ಸಂಪರ್ಕದ ವಿಳಾಸ, ಆರಂಭ ಮತ್ತು ಮುಕ್ತಾಯದ ವೇಳೆ ಸರ್ವರಿನಲ್ಲಿ ದಾಖಲಾಗುತ್ತವೆ. ಎಣಿಕೆಗೆ ಆಧಾರ ಇದೇ.

ಆದರೆ ಎಣಿಕೆಯಾಗುವುದು ಸಂಪರ್ಕಗಳು, ಕಿವಿಗಳಲ್ಲ! ಸಿಗ್ನಲ್ ಕಡಿದು ಒಬ್ಬನೇ ಹತ್ತು ಬಾರಿ ಸೇರಿಕೊಂಡರೆ ಹತ್ತು ಸಂಪರ್ಕಗಳಾಗುತ್ತವೆ. ಮೊಬೈಲ್ ಜಾಲದಲ್ಲಿ ಅನೇಕರು ಒಂದೇ ವಿಳಾಸದ ಹಿಂದೆ ಅಡಗಿರುತ್ತಾರೆ. ಶಾಲೆಯ ಧ್ವನಿವರ್ಧಕದಲ್ಲಿ ನಲವತ್ತು ಮಕ್ಕಳು ಕೇಳಿದರೂ ಲೆಕ್ಕಕ್ಕೆ ಸಿಗುವುದು ಒಂದೇ ಸಂಪರ್ಕ. ಒಬ್ಬರು 24 ಗಂಟೆ ಕೇಳಿದರೂ, 48 ಜನ ತಲಾ ಅರ್ಧ ಗಂಟೆ ಕೇಳಿದರೂ ಒಟ್ಟು ಆಲಿಕೆ 24 ಗಂಟೆಗಳೇ. ಇನ್ನೊಂದು ಮಾತು: ಈ ದಾಖಲೆ ಇರುವುದು ಕೇಂದ್ರದವರದೇ ಕೈಯಲ್ಲಿ. ವಿದ್ಯಾರ್ಥಿಯ ಉತ್ತರ ಪತ್ರಿಕೆಯನ್ನು ಆತನೇ ತಿದ್ದಿದರೆ ಹೇಗೆ?

‘ಮೊಟ್ಟಮೊದಲ’ ಎಂಬ ಹೆಗ್ಗಳಿಕೆಯನ್ನೂ ಎಚ್ಚರದಿಂದ ನೋಡಬೇಕು. ಅಮೆರಿಕದಲ್ಲಿ ಕಾರ್ಲ್ ಮಲಮುಡ್ 1993ರಲ್ಲೇ ಅಂತರಜಾಲದ ಮೂಲಕ ಮಾತಿನ ಕಾರ್ಯಕ್ರಮಗಳನ್ನು ಹಂಚಿದರು. ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನ ವಿದ್ಯಾರ್ಥಿ ಕೇಂದ್ರ ಡಬ್ಲ್ಯು.ಎಕ್ಸ್.ವೈ.ಸಿ. 1994ರ ನವೆಂಬರ್ 7ರಂದು ತನ್ನ ಎಫ್.ಎಂ. ಪ್ರಸಾರವನ್ನೇ ಅಂತರಜಾಲಕ್ಕೆ ಏರಿಸಿತು. ಇವೆರಡರಲ್ಲಿ ಮೊದಲನೆಯದು ಯಾವುದು? ನಾವು ‘ಅಂತರಜಾಲ ರೇಡಿಯೋ’ ಎಂಬುದನ್ನು ಹೇಗೆ ವ್ಯಾಖ್ಯಾನಿಸುತ್ತೇವೆ ಎಂಬುದನ್ನು ಉತ್ತರ ಅವಲಂಬಿಸಿದೆ. ವ್ಯಾಖ್ಯೆಯನ್ನು ಕಿರಿದುಗೊಳಿಸುತ್ತ ಹೋದರೆ ಪ್ರತಿಯೊಂದು ಕೇಂದ್ರವೂ ಏನಾದರೊಂದರಲ್ಲಿ ಮೊದಲನೆಯದೇ!

ಕನ್ನಡ ನಾಡಿನ ಎರಡು ಹಳೆಯ ಉದಾಹರಣೆಗಳು ಇಲ್ಲಿ ದಾರಿ ತೋರುತ್ತವೆ. ಎರಡೂ ಅಂತರಜಾಲದವಲ್ಲ, ಆದರೆ ಎರಡೂ ಚಿಕ್ಕವು. ಮನೋವಿಜ್ಞಾನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಕೇವಲ 30 ವ್ಯಾಟ್ ಪ್ರೇಷಕದಿಂದ ಪ್ರಸಾರ ಆರಂಭಿಸಿದರು. ಕೇಳುಗರು ಎಷ್ಟಿದ್ದಾರು? ಆದರೂ ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು.

ಎರಡನೆಯದು ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಅವಕಾಶ ದೊರೆತದ್ದು 2006ರಲ್ಲಿ. ಅದಕ್ಕೂ ಮೊದಲೇ ಹಳ್ಳಿಯ ಜನ ಟಿ.ವಿ. ಕೇಬಲ್ ತಂತಿಯ ಮೂಲಕ ತಮ್ಮ ಕಾರ್ಯಕ್ರಮಗಳನ್ನು ಮನೆಮನೆಗೆ ಮುಟ್ಟಿಸಿದರು. ಇದಕ್ಕೆ ಯುನೆಸ್ಕೋ ನೆರವಿತ್ತು. ನೆರವು ಕೊಟ್ಟವರ ಹೊಗಳಿಕೆಯನ್ನು ನಾವು ಸ್ವತಂತ್ರ ಸಾಕ್ಷ್ಯವೆನ್ನಲಾಗದು. ಆದರೆ ಮಾಧ್ಯಮ ವಿದ್ವಾಂಸರಾದ ವಿನೋದ್ ಪಾವರಾಲ ಮತ್ತು ಕಾಂಚನ್ ಮಲಿಕ್ 2007ರ ತಮ್ಮ ಗ್ರಂಥದಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಅದು ಹೊರಗಿನವರ ಸಾಕ್ಷ್ಯ.

ಇವುಗಳಿಂದ ಮೂರು ಪ್ರಶ್ನೆಗಳನ್ನು ರೂಪಿಸಿಕೊಳ್ಳಬಹುದು. ಈ ಕೇಂದ್ರ ಇಲ್ಲದಿದ್ದರೆ ಏನು ಇಲ್ಲವಾಗುತ್ತಿತ್ತು? ಅದು ಮಾಡಿದ್ದಕ್ಕೆ ಮುದ್ರಿತ ಅಥವಾ ಧ್ವನಿಮುದ್ರಿತ ಪುರಾವೆ ಉಳಿದಿದೆಯೇ? ಅದರ ಲಾಭನಷ್ಟಕ್ಕೆ ಸಂಬಂಧಪಡದ ಯಾರಾದರೂ ಅದನ್ನು ಪರಿಶೀಲಿಸಿ ಬರೆದಿದ್ದಾರೆಯೇ?

ಈಗ ಸತ್ತಿಗೆ ಮರಳೋಣ. ದಿನವಿಡೀ ಸಿನಿಮಾ ಹಾಡು ಹಾಕಿದರೆ ಕೇಳುಗರು ಹೆಚ್ಚಬಹುದು, ಆದರೆ ಆ ಹಾಡುಗಳು ಬೇರೆಡೆಯೂ ಸಿಗುತ್ತವೆ. ಅಥಣಿ ಸೀಮೆಯ ಕೃಷ್ಣಾ ತೀರ 2005ರಲ್ಲೂ 2019ರಲ್ಲೂ ಪ್ರವಾಹದಿಂದ ತತ್ತರಿಸಿತು. ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ನೀರು ಬರುತ್ತಿದೆ ಎಂಬುದು ಮಳೆಗಾಲದಲ್ಲಿ ಇಲ್ಲಿ ಮನೆಮನೆಯ ಮಾತು. ವಿದ್ಯಾರ್ಥಿಗಳು ಪ್ರತಿದಿನ ಗೊತ್ತಾದ ವೇಳೆಗೆ ಅಧಿಕೃತ ಅಂಕಿಗಳನ್ನು ತಮ್ಮ ಊರಿನ ಮಾತಿನಲ್ಲಿ ವಿವರಿಸಿ, ನೆರೆ ಕಂಡ ಹಿರಿಯರ ಅನುಭವವನ್ನು ಧ್ವನಿಮುದ್ರಿಸಿ, ದಿನಾಂಕ ಸಹಿತ ಕಾದಿಟ್ಟರೆ? ನೆರೆ ಬಂದಾಗ ವಿದ್ಯುತ್ತು, ಅಂತರಜಾಲ ಎರಡೂ ಕೈಕೊಡಬಹುದು. ಆಗ ಬ್ಯಾಟರಿ ರೇಡಿಯೋವೇ ಆಸರೆ. ಆದರೆ ಐದು ಮಳೆಗಾಲಗಳ ಆ ಸಂಗ್ರಹವನ್ನು ಮುಂದೆ ಸಂಶೋಧಕನೊಬ್ಬ ಬಳಸಿ ಬರೆದ ದಿನ, ಇಪ್ಪತ್ತೇ ಕೇಳುಗರಿದ್ದರೂ ಆ ಕೇಂದ್ರ ಗಮನಾರ್ಹವೇ ಸರಿ.

ಶಿಕ್ಷಕರು ಇದನ್ನು ತರಗತಿಯ ಚಟುವಟಿಕೆಯಾಗಿಸಬಹುದು. ಮೂರು ಅಂತರಜಾಲ ಕೇಂದ್ರಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದೂ ತನ್ನ ಬಗ್ಗೆ ಹೇಳಿಕೊಂಡಿರುವುದನ್ನು ಒಂದು ಕಾಲಮ್ಮಿನಲ್ಲಿ, ಬೇರೆಯವರು ಬರೆದಿರುವುದನ್ನು ಇನ್ನೊಂದರಲ್ಲಿ ಪಟ್ಟಿ ಮಾಡಿಸಿ. ಎರಡನೆಯ ಕಾಲಮ್ಮಿನಲ್ಲಿ ಉಳಿಯುವುದೆಷ್ಟು ಎಂಬುದನ್ನು ವಿದ್ಯಾರ್ಥಿಗಳೇ ಹೇಳಲಿ.