ಅಂಚೆಯಲ್ಲಿ ಓಡಾಡಿ ರೂಪುಗೊಂಡ ಹಾಡು

‘ಸಚ್ ಗ್ರೇಟ್ ಹೈಟ್ಸ್’ ಅಮೆರಿಕದ ‘ದ ಪೋಸ್ಟಲ್ ಸರ್ವಿಸ್’ ತಂಡದ ಹಾಡು. ಸಿಯಾಟಲ್‌ನ ಸಬ್ ಪಾಪ್ ರೆಕಾರ್ಡ್ ಸಂಸ್ಥೆ 2003ರ ಜನವರಿಯಲ್ಲಿ ಇದನ್ನು ಸಿಂಗಲ್ ಆಗಿ ಹೊರತಂದಿತು. ಮುಂದಿನ ತಿಂಗಳು ಬಂದ ‘ಗಿವ್ ಅಪ್’ ಆಲ್ಬಂನಲ್ಲೂ ಇದು ಸೇರಿತು.

ಸಿಂಥಸೈಜರ್ ಮತ್ತು ಡ್ರಮ್ ಮಷೀನ್‌ಗಳನ್ನೇ ಮುಖ್ಯ ವಾದ್ಯವಾಗಿಸಿಕೊಂಡ ಪಾಪ್ ಸಂಗೀತವೇ ಸಿಂಥ್‌ಪಾಪ್. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ತೋರಿದ ದಾರಿಯಲ್ಲಿ ಅದು 1970ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಬೆಳೆಯಿತು. ಸಣ್ಣ, ಸ್ವತಂತ್ರ ಸಂಸ್ಥೆಗಳನ್ನು ನೆಚ್ಚಿಕೊಂಡ ಇಂಡೀ ರಾಕ್‌ನಲ್ಲಾದರೋ ಗಿಟಾರಿಗೇ ಹೆಚ್ಚಿನ ಪ್ರಾಶಸ್ತ್ಯ. ಈ ಎರಡು ಧಾರೆಗಳು ಇಲ್ಲಿ ಒಂದಾದವು.

ತಂಡ ಕಟ್ಟಿದವರು ಇಬ್ಬರು: ಲಾಸ್ ಏಂಜಲೀಸ್‌ನಲ್ಲಿದ್ದ ಎಲೆಕ್ಟ್ರಾನಿಕ್ ಸಂಗೀತಗಾರ ಜಿಮ್ಮಿ ಟ್ಯಾಂಬೊರೆಲ್ಲೊ ಮತ್ತು ಸಿಯಾಟಲ್‌ನಲ್ಲಿದ್ದ, ‘ಡೆತ್ ಕ್ಯಾಬ್ ಫಾರ್ ಕ್ಯೂಟಿ’ ತಂಡದ ಗಾಯಕ ಬೆನ್ ಗಿಬರ್ಡ್. ಟ್ಯಾಂಬೊರೆಲ್ಲೊ ವಾದ್ಯಭಾಗ ಸಿದ್ಧಪಡಿಸಿ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಗಿಬರ್ಡ್ ಅದಕ್ಕೆ ಸಾಹಿತ್ಯ, ಧಾಟಿ, ದನಿ ಸೇರಿಸಿ ಹಿಂದಿರುಗಿಸುತ್ತಿದ್ದರು. ತಂಡದ ಹೆಸರು ಬಂದದ್ದು ಇದರಿಂದಲೇ. ಆಲ್ಬಂಗೆ ಗಾಯಕಿ ಜೆನ್ನಿ ಲೂಯಿಸ್ ಸಹಗಾಯನ ನೀಡಿದರು.

ಹಾಡು ಶುರುವಾಗುವುದು ಎಡಗಿವಿಗೊಮ್ಮೆ ಬಲಗಿವಿಗೊಮ್ಮೆ ಪುಟಿಯುವ ಚುಟುಕು ಸಿಂಥ್ ಸ್ವರಗಳಿಂದ. ಇಯರ್‌ಫೋನ್ ಹಾಕಿಕೊಂಡರೆ ಇದು ಸ್ಪಷ್ಟವಾಗಿ ಕೇಳಿಸುತ್ತದೆ. ಆಮೇಲೆ ಚುರುಕಾದ ಎಲೆಕ್ಟ್ರಾನಿಕ್ ತಾಳ ಸೇರುತ್ತದೆ. ಅದರ ಮೇಲೆ ಗಿಬರ್ಡ್ ದನಿ ಏರಿಸದೆ, ಎದುರಿಗೆ ಕೂತವರೊಡನೆ ಮಾತಾಡುವಷ್ಟು ಮೆಲ್ಲಗೆ ಹಾಡುತ್ತಾರೆ. ಸಾಹಿತ್ಯದ ವಸ್ತು ಪ್ರೇಮ: ಒಬ್ಬರಿಗೊಬ್ಬರು ಹೇಳಿ ಮಾಡಿಸಿದಂತಿರುವ ಜೋಡಿ, ಅವರ ನಡುವಿನ ದೂರ, ಆ ಪ್ರೀತಿಯ ಎತ್ತರ. ತಾಳದ ಓಟಕ್ಕೂ ದನಿಯ ಸಾವಧಾನಕ್ಕೂ ಇರುವ ಈ ಅಂತರವೇ ಹಾಡಿನ ಸೊಗಸು.

ಸಿಂಥ್‌ಗಳನ್ನು ತೆಗೆದರೂ ಹಾಡು ತನ್ನ ಬಲದಲ್ಲೇ ನಿಲ್ಲುತ್ತದೆ ಎಂಬುದಕ್ಕೆ ಪುರಾವೆ ಅದೇ ಸಿಂಗಲ್‌ನಲ್ಲಿದೆ. ‘ಐರನ್ ಅಂಡ್ ವೈನ್’ ಹೆಸರಿನಲ್ಲಿ ಹಾಡುವ ಸ್ಯಾಮ್ ಬೀಮ್, ಅಕೌಸ್ಟಿಕ್ ಗಿಟಾರ್ ಹಿಡಿದು ಇದನ್ನೇ ನಿಧಾನಗತಿಯಲ್ಲಿ ಹಾಡಿದರು. 2004ರ ‘ಗಾರ್ಡನ್ ಸ್ಟೇಟ್’ ಚಿತ್ರದಲ್ಲಿ ಬಳಕೆಯಾದ ಈ ರೂಪ ಹಾಡಿಗೆ ಹೊಸ ಕೇಳುಗರನ್ನು ತಂದಿತು.

‘ಪೋಸ್ಟಲ್ ಸರ್ವಿಸ್’ ಎಂಬ ಹೆಸರಿನ ಹಕ್ಕು ತನ್ನದೆಂದು ಅಮೆರಿಕದ ಅಂಚೆ ಇಲಾಖೆ 2003ರಲ್ಲಿ ತಂಡಕ್ಕೆ ನೋಟಿಸ್ ಕೊಟ್ಟಿತು. ಕೊನೆಗೆ ರಾಜಿಯಾಗಿ, ಹೆಸರು ಬಳಸಲು ತಂಡಕ್ಕೆ ಅನುಮತಿ ಸಿಕ್ಕಿತು. ಇಲಾಖೆ ತನ್ನ ಜಾಲತಾಣದಲ್ಲಿ ಆಲ್ಬಂ ಮಾರಿತು.

‘ಗಿವ್ ಅಪ್’ ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಗಳ ಗಡಿ ದಾಟಿತು. ಸಬ್ ಪಾಪ್‌ನ ಮಾರಾಟದಲ್ಲಿ ಅದಕ್ಕಿಂತ ಮುಂದಿದ್ದದ್ದು ನಿರ್ವಾಣ ತಂಡದ ‘ಬ್ಲೀಚ್’ ಮಾತ್ರ. ಬೇರೆ ಬೇರೆ ಊರುಗಳಲ್ಲಿದ್ದುಕೊಂಡೇ ಕಡತ ಹಂಚಿಕೊಂಡು ಸಂಗೀತ ಮಾಡುವುದು ಇಂದು ಸಾಮಾನ್ಯ. ಆ ಕ್ರಮದಲ್ಲಿ ಆಪ್ತವಾದ ಹಾಡೂ ಹುಟ್ಟಬಲ್ಲದು ಎಂದು ಈ ಇಬ್ಬರು ಮೊದಲೇ ತೋರಿಸಿಕೊಟ್ಟಿದ್ದರು.