ನಿಮಗಿದು ಗೊತ್ತೆ? ಫ್ಲೆಕ್ಸ್ ಮುದ್ರಣ ಅರ್ಧಕ್ಕೇ ನಿಲ್ಲುವುದೇಕೆ?

ಹತ್ತು ಅಡಿ ಎತ್ತರ, ಇಪ್ಪತ್ತು ಅಡಿ ಅಗಲದ ಫ್ಲೆಕ್ಸ್ ಫಲಕವನ್ನು, ಕೈಯಲ್ಲಿ ಹಿಡಿದೋದುವ ಪತ್ರಿಕೆಗೆ ಸಲ್ಲುವ ಇಂಚಿಗೆ 300 ಚುಕ್ಕೆಗಳ ಸಾಂದ್ರತೆಯಲ್ಲಿಯೇ ರಚಿಸಹೊರಟರೆ, ಬಿಂದುಗಳ ಸಂಖ್ಯೆ 259 ಕೋಟಿಯಾಗಿ, ನಾಲ್ಕು ಬಣ್ಣಗಳಿಗೆ ಒಂದೊಂದು ಬೈಟಿನಂತೆ ಚಿತ್ರದ ಗಾತ್ರವು 10 ಜಿಬಿಯನ್ನು ಮೀರುವುದು. ಸಾಮಾನ್ಯ ಟಿಫ್ ಚಿತ್ರಫೈಲಿಗಾದರೋ 4 ಜಿಬಿಯೇ ಪರಮಾವಧಿ. ದೂರದಿಂದ ನೋಡತಕ್ಕ ಫಲಕಕ್ಕೆ 72 ಚುಕ್ಕೆಗಳೇ ಧಾರಾಳವಾದುದರಿಂದ, ಚಿತ್ರದ ಗಾತ್ರವನ್ನು ಸುಮಾರು 600 ಎಂಬಿಗೆ ಇಳಿಸಬಹುದು. ಅಷ್ಟಾದರೂ ಮುದ್ರಣವು ನಡುವೆ ಸ್ತಬ್ಧವಾದರೆ (ಬೈಗುಳವೆಲ್ಲ ಪಾಪ, ಪ್ರಿಂಟರಿಗೇ!) ಅಕ್ಷರಗಳ ಹಿಂದಣ ಮಸುಕು ನೆರಳುಗಳನ್ನೂ ಪಾರದರ್ಶಕ ಪದರಗಳನ್ನೂ ಮೊದಲು ಶಂಕಿಸತಕ್ಕದ್ದು: ಅವನ್ನೆಲ್ಲ ಲೆಕ್ಕಹಾಕಿ ಚುಕ್ಕೆಗಳಾಗಿ ಮಾರ್ಪಡಿಸುವ ರಿಪ್ ತಂತ್ರಾಂಶವು, ಡಿಸ್ಕಿನಲ್ಲಿ ತಾತ್ಕಾಲಿಕ ಸ್ಥಳ ಸಾಲದೆ ಅಲ್ಲಿಯೇ ನಿಂತುಬಿಟ್ಟಿರಬಹುದು. ಮೂಲಪ್ರತಿಯನ್ನು ಬೇರೆ ಕಾದಿರಿಸಿ, ಪದರಗಳನ್ನು ಒಂದುಗೂಡಿಸಿ, ಪೆನ್‌ಡ್ರೈವ್‌ನಿಂದ ನೇರವಾಗಿ ಮುದ್ರಿಸದೆ ಫೈಲನ್ನು ಕಂಪ್ಯೂಟರಿಗೇ ಇಳಿಸಿಕೊಂಡು ಕಳುಹಿಸುವುದು ಲೇಸು.